ಹನ್ನೆರಡು ಕೆಜಿಯ ಬ್ರೇಕು

ಕಾರು ತಂದುಕೊಟ್ಟರೆ ಎಲ್ಲ ಮೆಕ್ಯಾನಿಕ್ಕರೂ ಮೊದಲು ಬಾನೆಟ್ ಎತ್ತುತ್ತಾರೆ. ಹುಸೇನಪ್ಪ ಮೊದಲು ನನ್ನ ಕಾಲು ನೋಡಿದರು. ಬಳ್ಳಾರಿ ಗುಡ್ಡದ ಹಿಂಬದಿಯ ತಮ್ಮ ತಗಡಿನ ಶೆಡ್ಡಿನಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಜನ ಮೇಲೆ ನಿಂತು ತೂಕ ನೋಡಿಕೊಳ್ಳುತ್ತಾರಲ್ಲ, ಅಂಥ ಹಳೆಯ ಯಂತ್ರವೊಂದನ್ನು ತಂದು ಟೈರಿಗೆ ಓರೆಯಾಗಿ ಆನಿಸಿಟ್ಟರು.

"ಬಲಗಾಲಿಲೆ ಒತ್ರಿ ಮೇಡಂ. ಎಷ್ಟ್ ಆಕ್ಕೈತಿ ಅಷ್ಟ್."

ಹಲ್ಲು ಕಚ್ಚಿ ಒತ್ತಿದೆ. ಮುಳ್ಳು ಹನ್ನೆರಡಕ್ಕೆ ಹೋಗಿ ನಿಂತಿತು. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ 12 ಎಂದು ಬರೆದು, "ಆತು. ಈಗ ಗಾಡಿ ನೋಡೂಣು" ಅಂದರು. ಕನಿಕರ ಎಂಬುದನ್ನು ನಾನು ಮೈಲಿ ದೂರದಿಂದಲೇ ಮೂಸಿ ಹಿಡಿಯುತ್ತೇನೆ, ಹಿಡಿದ ಕೂಡಲೇ ಸಿಟ್ಟು ನೆತ್ತಿಗೇರುತ್ತದೆ. ಆ ಮುಖದಲ್ಲಿ ಅದು ಲವಲೇಶವೂ ಇರಲಿಲ್ಲ. ಅಂಗಿಗೆ ಅಳತೆ ತೆಗೆದುಕೊಳ್ಳುವ ದರ್ಜಿಯ ಹಾಗೆ ಇದ್ದರು.

ನನಗೆ ಎರಡು ವರ್ಷವಿದ್ದಾಗ ಬಂದ ಪೋಲಿಯೊ ಬಲಗಾಲನ್ನು ಸೊರಗಿಸಿಬಿಟ್ಟು ಹೋಗಿತ್ತು. ಆದರೂ ಓದಿದೆ, ಟೀಚರಾದೆ, ಕುರುಗೋಡಿನಲ್ಲಿ ಮನೆಗೆ ಹತ್ತಿರದ ಶಾಲೆಯಲ್ಲೇ ಹದಿನೈದು ವರ್ಷ ಗಣಿತ ಕಲಿಸಿದೆ. ಆಮೇಲೆ ಸಿರುಗುಪ್ಪಕ್ಕೆ ಮುಖ್ಯ ಶಿಕ್ಷಕಿಯಾಗಿ ಬಡ್ತಿ ಬಂತು. ಗಂಡನ ಅಂಗಡಿ ಕುರುಗೋಡಿನಲ್ಲಿ, ಹಾಗಾಗಿ ಮನೆ ಬದಲಿಸುವ ಹಾಗಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಸೊಂಟದ ಎತ್ತರಕ್ಕಿರುತ್ತಿತ್ತು. "ಏ, ಮೇಡಮ್ಮಾರ್ನ ಎತ್ರಲೇ!" ಎಂದು ಕಂಡಕ್ಟರ್ ಕೂಗಿದ ಕೂಡಲೇ ಒಬ್ಬರು ಮೇಲಿನಿಂದ ತೋಳು ಹಿಡಿದು ಎಳೆಯುವರು, ಇನ್ನೊಬ್ಬರು ಕೆಳಗಿನಿಂದ ತಳ್ಳುವರು. ಪಾಪ, ಎಲ್ಲರೂ ಒಳ್ಳೆಯವರೇ. ಆದರೆ ದಿನಾ ಬೆಳಿಗ್ಗೆ ಭತ್ತದ ಚೀಲದಂತೆ ಬಸ್ಸೇರಿ, ಇಳಿದ ಹತ್ತು ನಿಮಿಷಕ್ಕೆ ಮಕ್ಕಳ ಮುಂದೆ ತಲೆಯೆತ್ತಿ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಬಡ್ತಿ ಬೇಡವೆಂದು ಪತ್ರ ಬರೆದು, ಕೊಡಲು ಮನಸ್ಸಾಗದೆ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ.

ಅಪ್ಪ ಬಿಟ್ಟುಹೋದ ಹಳೆಯ ಕಾರೊಂದು ಮನೆಯ ಹಿಂದಿನ ಚಪ್ಪರದಲ್ಲಿತ್ತು. ಎಂಜಿನ್ ಗಟ್ಟಿ, ಬ್ರೇಕು ಮಾತ್ರ ಮೊಂಡು. ಅದನ್ನು ಒತ್ತುವಾಗ ಅಪ್ಪನೇ ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತಿದ್ದ. ಹೊಸ ಕಾರಿನ ಮಾತು ನಮಗೆ ದೂರ. ತೋರಿಸಿದ ಮೂರು ಗ್ಯಾರೇಜಿನಲ್ಲೂ "ಗುಜರಿಗೆ ಹಾಕ್ರಿ, ಇಲ್ಲಾ ಡ್ರೈವರ್ ಇಟ್ಕೊಳ್ರಿ" ಎಂದರು. ಇನ್ನೊಬ್ಬರ ಕೈ ಕಾಯುವುದನ್ನು ತಪ್ಪಿಸಿಕೊಳ್ಳಲು ಹೊರಟವಳಿಗೆ ಡ್ರೈವರ್ ಇಟ್ಟುಕೊಳ್ಳಿ ಅಂದರೆ ಹೇಗಾಗಬೇಡ! ನಾಲ್ಕನೆಯವರು ಹುಸೇನಪ್ಪ.

ಅರವತ್ತು ದಾಟಿದ ಬಡಕಲು ಜೀವ. ಕಿವಿಯ ಮೇಲೊಂದು ಬೀಡಿ ಸದಾ ಇರುತ್ತಿತ್ತು, ಹಚ್ಚಿದ್ದನ್ನು ನಾನು ಕಾಣೆ. ಗಾಡಿಗಳನ್ನೆಲ್ಲ ಹೆಣ್ಣುಮಕ್ಕಳೆಂದೇ ಮಾತಾಡಿಸುವರು. ಬೋಲ್ಟ್ ಬಿಚ್ಚಲು ಬಾರದಿದ್ದರೆ ತೆಲುಗಿನಲ್ಲಿ ಪುಸಲಾಯಿಸುವರು, ಅದಕ್ಕೂ ಬಗ್ಗದಿದ್ದರೆ ಕನ್ನಡದಲ್ಲಿ ಬೈಯುವರು. ಹೊಸ ಸಾಮಾನು ಅವರ ಶೆಡ್ಡಿಗೆ ಬಂದದ್ದು ಕಡಿಮೆ. ಗುಜರಿ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು, ಬೇಕಾದದ್ದನ್ನು ಮಾವಿನಹಣ್ಣು ಆರಿಸಿದಂತೆ ಆರಿಸಿ ತರುತ್ತಿದ್ದರು.

ನನ್ನ ಕಾರಿಗೆ ಹಾಗೆ ಸಿಕ್ಕಿದ್ದು ಉರುಳಿಬಿದ್ದು ಗುಜರಿ ಸೇರಿದ್ದ ಒಂದು ಜೀಪು. ಅದರ ಮುಂದಿನ ಡಿಸ್ಕ್ ಬ್ರೇಕು, ಅದರ ಜೊತೆಗೇ ಬರುವ, ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಹಬ್ಬುಗಳು, ಕಾಲಿನ ಒತ್ತನ್ನು ಹೆಚ್ಚು ಮಾಡಿ ಕಳಿಸುವ ಬೂಸ್ಟರ್ ಎಂಬ ಕಪ್ಪು ಡಬ್ಬಿ, ಹಿಂದಿನ ಎರಡೂ ಚಕ್ರ ಕೂಡಿಸುವ ಇಡೀ ಆ್ಯಕ್ಸಲ್, ಎಲ್ಲವನ್ನೂ ನನ್ನ ಕಾರಿಗೆ ಕೂಡಿಸುವುದು ಅವರ ಲೆಕ್ಕ. ನನ್ನದು ಜಿಪುಣ ಬುದ್ಧಿ. ಒತ್ತುವುದು ಹಗುರಾದರೆ ಸಾಕು, ಹಿಂದಿನದು ಯಾಕೆ ಎಂದೆ.

"ಮುಂದಿನ ಹಬ್ಬಿಗೆ ಐದು ಬೋಲ್ಟ್, ಹಿಂದಿನವಕ್ಕ ನಾಕು. ಸ್ಟೆಪ್ನಿ ಒಂದ ಇರತೈತಿ. ಯಾವ್ದಕ್ಕ ಹಾಕ್ತೀರಿ ಮೇಡಂ?"

"ಪಂಕ್ಚರ್ ಆದಾಗ ನೋಡೂಣು ಬಿಡ್ರಿ."

ಗಣಿತದ ಮೇಡಂ ಹೇಳಿದ ಮಾತು ಇದು! ಅವರು ಮುಂದಿನದಷ್ಟೇ ಮಾಡಿಕೊಟ್ಟರು. ಎರಡನೇ ವಾರ, ಗಂಡ ಸ್ಟೇರಿಂಗ್ ಹಿಡಿದು ನನಗೆ ಓಡಿಸುವ ಬಗೆ ತೋರಿಸುತ್ತಿದ್ದಾಗ, ತೆಕ್ಕಲಕೋಟೆ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಗಿ ಕೂತಿತು. ಡಿಕ್ಕಿಯಲ್ಲಿದ್ದದ್ದು ಐದು ತೂತಿನ ಸ್ಟೆಪ್ನಿ. ನಾಚಿಕೆ ನುಂಗಿಕೊಂಡು ಫೋನ್ ಮಾಡಿದೆ. ಒಂದೂವರೆ ತಾಸಿಗೆ ಹುಸೇನಪ್ಪ ಮೊಪೆಡ್ಡಿನ ಹಿಂದೆ ಕಾರಿನ ಹಳೆಯ ನಾಲ್ಕು ತೂತಿನ ಚಕ್ರ ಕಟ್ಟಿಕೊಂಡು ಬಂದಿಳಿದರು. ಅದನ್ನು ಗುಜರಿಗೆ ಹಾಕಿರಲೇ ಇಲ್ಲ.

"ಫೋನ್ ಬರತೈತಿ ಅಂತ ಗೊತ್ತಿತ್ರಿ. ಮೇಡಂ, ಕಾಲಾಗಿನ ಎರಡೂ ಚಪ್ಪಲಿ ಒಂದ ಅಳತಿ ಇರಬೇಕ್ರಿ..." ಎನ್ನುತ್ತಾ ನನ್ನ ಪಾದದ ಕಡೆ ನೋಡಿದವರು ಗಪ್ಪಾದರು. ನನ್ನ ಪಾದಗಳೆರಡೂ ಬೇರೆ ಬೇರೆ ಅಳತೆಯವು. ಒಂದು ಜೊತೆ ಚಪ್ಪಲಿಗಾಗಿ ಎರಡು ಜೊತೆ ಕೊಳ್ಳುವವಳು ನಾನು. ಅವರ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕು, "ಹಂಗಾರ ಅದರ ತ್ರಾಸು ನನಗಿಂತ ನಿಮಗ ಗೊತ್ತಿರಬೇಕಿತ್ತಲ್ರೀ!" ಅಂದರು. ಮರುದಿನವೇ ಕಾರನ್ನು ಅವರ ಶೆಡ್ಡಿಗೆ ಬಿಟ್ಟುಬಂದೆ.

ಜೀಪಿನ ಆ್ಯಕ್ಸಲ್ ನಮ್ಮದಕ್ಕಿಂತ ಎರಡು ಬೆರಳು ಅಗಲವಿತ್ತು. ಅದರ ಮೇಲೆ, ಗಾಡಿಯ ಭಾರ ಹೊರುವ ಕಮಾನುಪಟ್ಟಿ ಕೂರುವ ಜಾಗಗಳನ್ನು ಕತ್ತರಿಸಿ, ಸರಿಸಿ, ಮತ್ತೆ ಬೆಸುಗೆ ಹಾಕಿದರು. ಗಾಡಿಯ ಉದ್ದಕ್ಕೂ ದಾರ ಎಳೆದು, ಒಂದು ಕಣ್ಣು ಮುಚ್ಚಿ, ಚಕ್ರಗಳು ಒಂದರ ಹಿಂದೊಂದು ಬರುವ ತನಕ ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದರು. ಸಾಕು ಬಿಡಿ ಎಂದರೆ, "ನೀವು ಹುಡುಗರ ತಪ್ಪು ಲೆಕ್ಕಕ್ಕ ಮಾರ್ಕ್ಸ್ ಕೊಡ್ತೀರೇನ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಓಡಿಸಿ ನೋಡುವ ದಿನ ಗುಡ್ಡದ ಹಿಂದಿನ ಖಾಲಿ ರಸ್ತೆಯಲ್ಲಿ ನಾನು ಸ್ಟೇರಿಂಗ್ ಹಿಡಿದೆ. ಅವರು ಪಕ್ಕದಲ್ಲಿ ಕೈಕಟ್ಟಿ ಕೂತರು. ಕೈಬ್ರೇಕಿನ ಕಡೆಗೆ ಬೆರಳನ್ನೂ ಚಾಚಲಿಲ್ಲ. "ಹ್ಞೂಂ, ನಿಂದ್ರಸ್ರಿ" ಅಂದದ್ದೇ ತಡ, ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಒತ್ತಿದೆ. ಕಾರು ನಿಂತ ರಭಸಕ್ಕೆ ಅವರ ಕಿವಿಯ ಮೇಲಿನ ಬೀಡಿ ಹಾರಿ ಗಾಜಿಗೆ ಬಡಿಯಿತು.

"ಹನ್ನೆರಡೂ ಕೆಜಿ ಒಮ್ಮೆಲೇ ಯಾಕ ಹಾಕಿದ್ರಿ? ಸ್ವಲ್ಪ ಇಟ್ಕೊಳ್ರಿ ಮೇಡಂ, ಮುಂದ ಬೇಕಾಕ್ಕೈತಿ."

ತಮಾಷೆಗೆ ಅಂದರು ಎಂದುಕೊಂಡೆ. ಆ ರಸ್ತೆಯಲ್ಲೇ ಚೀಲದಿಂದ ಆ ಪತ್ರ ತೆಗೆದು ಹರಿದೆ. ಅದೇನೆಂದು ಅವರು ಕೇಳಲಿಲ್ಲ, ಬೀಡಿ ಹುಡುಕುತ್ತಿದ್ದರು. ಡಾಕ್ಟರ ಸರ್ಟಿಫಿಕೇಟು, ಗಾಡಿ ತಪಾಸಣೆ, ಲೈಸೆನ್ಸು ಎಂದು ಮತ್ತೆ ಮೂರು ತಿಂಗಳು ಹಿಡಿಯಿತು. ಆಮೇಲೆ ನಾನೇ ಕಾರು ಓಡಿಸಿಕೊಂಡು ಶಾಲೆಯ ಗೇಟು ದಾಟಿದ ಬೆಳಿಗ್ಗೆ, ಎಷ್ಟು ಖುಷಿಯಾಗಿತ್ತೆಂದರೆ, ಪ್ರಾರ್ಥನೆಯ ಗಂಟೆಯನ್ನೂ ನಾನೇ ಹೊಡೆದೆ.

ಎಂಟು ವರ್ಷ ಹೀಗೇ ನಡೆಯಿತು. ಹೋದ ವರ್ಷ ಕಾಲಿನಲ್ಲಿ ಏನೋ ಸಡಿಲವಾದಂತೆ ಅನ್ನಿಸತೊಡಗಿತು. ವಯಸ್ಸಾದಂತೆ ಪೋಲಿಯೊ ಕಾಲು ಇನ್ನಷ್ಟು ಸೋಲುವುದುಂಟು ಎಂದರು ಡಾಕ್ಟರು. ಗಂಡನಿಗೂ ಹೇಳದೆ ನೇರ ಹುಸೇನಪ್ಪನವರ ಶೆಡ್ಡಿಗೆ ಹೋದೆ. ಆಗಲೇ ಅವರಿಗೆ ಉಬ್ಬಸ, ಕೆಲಸ ಬಿಟ್ಟು ಬಾಗಿಲಲ್ಲಿ ಕೂತಿರುತ್ತಿದ್ದರು. ನನ್ನ ಮುಖ ನೋಡಿ, ಏನೂ ಕೇಳದೆ ಆ ತೂಕದ ಯಂತ್ರ ತಂದು ಟೈರಿಗೆ ಆನಿಸಿಟ್ಟರು. ಒತ್ತಿದೆ. ಹತ್ತು.

ಕಣ್ಣಲ್ಲಿ ನೀರು ಬಂತು. "ಅಣ್ಣಾರ, ಎರಡು ಕೆಜಿ ಹೋತಲ್ರೀ. ಇನ್ನ ನಾ ಗಾಡಿ ಹೊಡೆಂಗಿಲ್ಲ."

"ಯಾಕ ಹೊಡೆಂಗಿಲ್ಲ? ಬಾಗಲದ ಮ್ಯಾಲ ಬರದದ್ದು ಹನ್ನೆರಡು. ಬ್ರೇಕ್ ಮಾಡಿದ್ದು ಎಂಟಕ್ಕ."

ಕಣ್ಣೊರೆಸಿಕೊಂಡೆ. "ಆವಾಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀವು ಎಂಟ ಒತ್ತತಿದ್ರಿ" ಅಂದರು, ಉಸಿರೆಳೆದುಕೊಳ್ಳುತ್ತ. "ಒತ್ತ್ಕೋತ ಹೋಗ್ರಿ ಮೇಡಂ. ಎಂಟಕ್ಕ ಬಂದಾಗ ನನಗ ಹೇಳ್ರಿ."

ಅದೇ ಕೊನೆಯ ಭೇಟಿ. ಬೇಸಿಗೆ ಮುಗಿಯುವ ಮೊದಲೇ ಅವರು ಹೋದರು. ಶೆಡ್ಡು ಕಿತ್ತಾಗ ಆ ತಗಡಿನ ಬಾಗಿಲು ಯಾವ ಗುಜರಿ ಸೇರಿತೋ ತಿಳಿಯದು. ತೂಕದ ಯಂತ್ರವನ್ನು ಮಾತ್ರ ಅವರ ಮಗಳು ನನಗೆ ತಲುಪಿಸಿದಳು, ಅಪ್ಪ ಹೇಳಿಟ್ಟಿದ್ದರಂತೆ. ನಿತ್ಯ ಬೆಳಿಗ್ಗೆ ವ್ಯಾಯಾಮ ಮಾಡುತ್ತೇನೆ, ತಿಂಗಳಿಗೊಮ್ಮೆ ಅದನ್ನು ಗೋಡೆಗೆ ಆನಿಸಿಟ್ಟು ಒತ್ತುತ್ತೇನೆ. ಈ ತಿಂಗಳೂ ಮುಳ್ಳು ಹತ್ತರಲ್ಲೇ ನಿಂತಿತು. ಕಾರಿನ ಕೀಲಿ ತೆಗೆದುಕೊಂಡು ಶಾಲೆಗೆ ಹೊರಟೆ. ಹುಸೇನಪ್ಪ ಕೊಟ್ಟ ನಾಲ್ಕರಲ್ಲಿ ಎರಡು ಕೆಜಿ ಇನ್ನೂ ಹಾಗೇ ಇದೆ.