ಹಳದಿ ಸ್ಟ್ಯಾಂಡಿನ ಕಾಸರಗೋಡಿನವರು

ಮುಂಬಯಿ ಪಕ್ಕದ ನೆರೂಳಿನ ಸ್ಟೇಡಿಯಮ್ಮಿನಲ್ಲಿ ಮುಂಬಯಿ ತಂಡಕ್ಕೂ ಕೇರಳದ ತಂಡಕ್ಕೂ ಫುಟ್‌ಬಾಲ್ ಮ್ಯಾಚು. ಅಲ್ಲೇ ಹತ್ತಿರದ ಠಾಣೆ ಊರಿನವನಾದ ನಾನು ಮುಂಬಯಿ ಪಕ್ಷ. ಆದರೆ ಕೇರಳದವರ ಸ್ಟ್ಯಾಂಡಿನಲ್ಲಿ ಬಾಳೆಕಾಯಿ ಚಿಪ್ಸು ಪುಕ್ಕಟೆ ಹಂಚುತ್ತಾರೆಂದು ಕೇಳಿ, ಅವರ ತಂಡದ ಬಣ್ಣವೆಂದು ಹೆಂಡತಿಯ ಹಳದಿ ದುಪಟ್ಟಾ ಕೊರಳಿಗೆ ಸುತ್ತಿಕೊಂಡು ಅಲ್ಲಿಗೇ ನುಗ್ಗಿದೆ. ಮಲಯಾಳಂ ಬಾರದು, ನಿಜ. ಯಾರಾದರೂ ಕೇಳಿದರೆ ‘ಕಾಸರಗೋಡು’ ಅಂದರಾಯಿತು. ಅಲ್ಲಿ ಕನ್ನಡ, ತುಳು ಮಾತಾಡುವ ಕೇರಳದವರು ಬೇಕಾದಷ್ಟಿದ್ದಾರೆ.

ಚಿಪ್ಸು ಹಂಚುವವರು ನಂಬಿದ್ದಷ್ಟೇ ಅಲ್ಲ, “ಇವರೂ ಕಾಸರಗೋಡೇ!” ಎಂದು ಒಬ್ಬ ಮೀಸೆಯ ಆಸಾಮಿಯ ಪಕ್ಕ ನನ್ನನ್ನು ಕೂರಿಸಿಬಿಟ್ಟರು. ಇನ್ನು ಎಬ್ಬಿಸಿ ಓಡಿಸುವುದೊಂದೇ ಬಾಕಿ ಅಂದುಕೊಂಡೆ.

“ಕಾಸರಗೋಡಲ್ಲಿ ಎಲ್ಲಿ ಮಾರಾಯ್ರೆ?” ಆಸಾಮಿ ಕನ್ನಡದಲ್ಲೇ ಕೇಳಿದ.

“ಸ್ಟೇಷನ್ ಹತ್ರ.”

“ಈಸ್ಟಾ, ವೆಸ್ಟಾ?”

“ವೆಸ್ಟು,” ಅಂದೆ, ಠಾಣೆ ಸ್ಟೇಷನ್ನಿನ ವೆಸ್ಟಿಗಿರುವ ನಮ್ಮ ನೌಪಾಡಾದ ಅಭ್ಯಾಸಬಲದಿಂದ; ಮುಂಬಯಿ ಕಡೆ ಪ್ರತಿ ಊರೂ ಸ್ಟೇಷನ್ನಿನ ಈಸ್ಟು, ವೆಸ್ಟು ಅಂತಲೇ ಎರಡು ಭಾಗ.

“ಹಾಗೋ. ನಮ್ದು ಈಸ್ಟು.”

ಬಚಾವಾದೆ ಅನ್ನುವಷ್ಟರಲ್ಲಿ ಮುಂಬಯಿ ಗೋಲು ಹೊಡೆಯಿತು. ನಾನು ಕುರ್ಚಿಯಿಂದ ಹಾರಿ “ಗೋಲ್!” ಎಂದು ಕಿರುಚಿದೆ. ನೋಡಿದರೆ ಆಸಾಮಿಯೂ ಗಾಳಿಯಲ್ಲಿದ್ದ. ಹಳದಿ ಸ್ಟ್ಯಾಂಡಿಗೆ ಸ್ಟ್ಯಾಂಡೇ ನಮ್ಮತ್ತ ತಿರುಗಿತು. ಆತ ನನ್ನ ದುಪಟ್ಟಾ ಹಿಡಿದು ಕೆಳಗೆಳೆದ.

“ಅಯ್ಯಯ್ಯೋ ಅನ್ನಿ ಮಾರಾಯ್ರೆ, ಜೋರಾಗಿ!”

ಇಬ್ಬರೂ ತಲೆಮೇಲೆ ಕೈಹೊತ್ತು ಗೋಳಾಡಿದೆವು. ಚಿಪ್ಸಿನವರು ಓಡಿಬಂದು ಬೆನ್ನು ಸವರಿದರು. ಅವರು ಅತ್ತ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ: “ಅಲ್ಲ, ಕಾಸರಗೋಡಿಗೆ ಈಸ್ಟು ವೆಸ್ಟು ಇದೆಯಾ?”

“ಯಾರಿಗೆ ಗೊತ್ತು? ನಾನು ಇಲ್ಲೇ, ಡೊಂಬಿವ್ಲಿ.”

ಮುಂಬಯಿ ಆಮೇಲೆ ಇನ್ನೂ ಎರಡು ಗೋಲು ಹೊಡೆಯಿತು. ಕೇರಳಕ್ಕಾಗಿ ಆ ಸಂಜೆ ನಮ್ಮಷ್ಟು ಅತ್ತವರು ಕೇರಳದವರಲ್ಲೂ ಇರಲಿಲ್ಲ.