ಗುಡುಗಪ್ಪನ ಮೌನವ್ರತ

ಹೆತ್ತವರು ಇಟ್ಟ ಹೆಸರು ಅವನಿಗೆ ಬೇರೆಯೇ ಇತ್ತು. ಆದರೆ ದೋಣಿಕಟ್ಟೆಯಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಗುಡುಗಪ್ಪ ಎಂದರೆ ಮಾತ್ರ ಕೈ ತೋರಿಸುವ ತೊಂದರೆಯೂ ಬೇಕಿರಲಿಲ್ಲ. "ಸ್ವಲ್ಪ ನಿಂತು ಕೇಳಿ, ಸದ್ದು ಎಲ್ಲಿಂದ ಬರುತ್ತೋ ಅಲ್ಲೇ ಇರ್ತಾನೆ" ಎನ್ನುತ್ತಿದ್ದರು.

ಅವನದು ಬಾಡಿಗೆ ದೋಣಿ. ಮೀನು ಮಾರಿ ಬದುಕುವವರಿಗಲ್ಲ, ಮೀನು ಹಿಡಿಯುವ ಹುಚ್ಚಿರುವವರಿಗೆ. ರಜೆ ಸಿಕ್ಕಿದ ದಿನ ಬರುವ ಅಂಥವರನ್ನು ಹತ್ತಿಸಿಕೊಂಡು, ಸಮುದ್ರದೊಳಗಿನ ಕಲ್ಲುದಿಣ್ಣೆಗಳ ಮೇಲಕ್ಕೆ ಒಯ್ದು, ಅಂಜಲ್ ಮೀನು ಹಿಡಿಸಿ, ಸಂಜೆಯೊಳಗೆ ದಡ ಮುಟ್ಟಿಸಬೇಕು. ಹಿಡಿಯುವ ಬಗೆ ಜಿಗ್ಗಿಂಗ್. ಹುಳ, ಸಿಗಡಿ ಯಾವುದೂ ಬೇಡ. ಜಿಗ್ ಎಂದರೆ ಬೆಳ್ಳಿಯ ಬಣ್ಣ ಬಳಿದ, ಮೀನಿನ ಆಕಾರದ ಸೀಸದ ತುಂಡು, ಅದಕ್ಕೊಂದು ಗಾಳ. ಅದನ್ನು ತಳದವರೆಗೆ ಇಳಿಬಿಟ್ಟು, ಗಾಳದ ಕೋಲನ್ನು, ಅಂದರೆ ರಾಡನ್ನು, ಜಗ್ಗಿ ಎತ್ತುತ್ತಾ ದಾರದ ರೀಲು ಸುತ್ತುತ್ತಾ ಬಂದರೆ, ಆ ಸೀಸ ಪೆಟ್ಟು ತಿಂದ ಮರಿಮೀನಿನ ಹಾಗೆ ಒದ್ದಾಡುತ್ತಾ ಮೇಲೇರುತ್ತದೆ, ಅಂಜಲ್ ಮೋಸಹೋಗಿ ಬಾಯಿ ಹಾಕುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡಲು ಹೋದರೆ ಸ್ವಲ್ಪ ಹೊತ್ತಿಗೇ ತೋಳು ಸೋತು ಲಯ ತಪ್ಪುತ್ತದೆ. ಲಯ ತಪ್ಪಿದರೆ ಎಂಥ ದಡ್ಡ ಮೀನಿಗೂ ಇದು ಸೀಸ ಎಂದು ಗೊತ್ತಾಗಿಬಿಡುತ್ತದೆ.

ಆ ಲಯ ಕಾಯುವುದೇ ಗುಡುಗಪ್ಪನ ಉದ್ಯೋಗ. ಕೈ ಚುಕ್ಕಾಣಿಯ ಮೇಲೆ, ಕಣ್ಣು ನೀರಿನಾಳದ ಮೀನು ತೋರಿಸುವ ಪರದೆಯ ಮೇಲೆ, ಬಾಯಿ ಗಿರಾಕಿಗಳ ಮೇಲೆ. "ಎತ್ತು, ಸುತ್ತು! ಎತ್ತು, ಸುತ್ತು! ಅದು ರಾಡಪ್ಪಾ, ಪೊರಕೆ ಅಲ್ಲ! ಸಮುದ್ರ ಗುಡಿಸೋಕೆ ಬಂದ್ಯಾ?" ದಡದಲ್ಲಿರುವಷ್ಟು ಹೊತ್ತು ಅವನಷ್ಟು ಮರ್ಯಾದಸ್ಥ ಇನ್ನೊಬ್ಬನಿಲ್ಲ. "ಬನ್ನಿ ಸಾರ್, ನೋಡಿಕೊಂಡು ಕಾಲಿಡಿ, ಟೋಪಿ ತಂದಿದ್ದೀರಾ?" ಎಂದು ಕೈಹಿಡಿದು ಹತ್ತಿಸಿಕೊಳ್ಳುವನು. ಮೊದಲ ರಾಡು ಬಾಗಿದ್ದೇ ತಡ, ‘ನೀವು’ ನೀರುಪಾಲಾಗಿ ದೋಣಿಯಲ್ಲಿ ‘ನೀನು’ ಒಂದೇ ಉಳಿಯುತ್ತಿತ್ತು. ಗಾಳ ಕಚ್ಚಿದ ಅಂಜಲ್ ಮೊದಲು ಮಾಡುವ ಕೆಲಸ ಓಡುವುದು. ಓಡುವ ಮೀನನ್ನು ರೀಲು ಅದುಮಿ ನಿಲ್ಲಿಸಹೋದರೆ ದಾರ ತುಂಡು. "ದಯವಿಟ್ಟು ರೀಲಿನ ಮೇಲಿಂದ ಕೈ ತೆಗೆಯಿರಿ" ಎಂದು ಹೇಳಿ ಮುಗಿಸುವಷ್ಟರಲ್ಲಿ ಮೀನು ತನ್ನ ನೆಂಟರ ಮನೆ ಸೇರಿರುತ್ತದೆ. "ಬಿಡೋ!" ಎಂದರೆ ಎರಡೇ ಅಕ್ಷರ. ಮರ್ಯಾದೆಗೆ ಅಕ್ಷರ ಜಾಸ್ತಿ ಬೇಕು, ಅಂಜಲ್‌ಗೆ ಅಷ್ಟು ಪುರುಸೊತ್ತಿಲ್ಲ ಎಂಬುದು ಅವನ ಸಿದ್ಧಾಂತ.

ಇದಕ್ಕೆ ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಿದ್ದರೆಂದು ತಿಳಿಯಬೇಡಿ. ಹೆಡ್‌ಮಾಸ್ಟರೊಬ್ಬರು ಪ್ರತಿ ರಜೆಗೂ ತಪ್ಪದೆ ಬರುತ್ತಿದ್ದರು. ಇಡೀ ಶಾಲೆ ಅವರನ್ನು ಕಂಡರೆ ಗಡಗಡ ನಡುಗುತ್ತಿತ್ತು. ಊರನ್ನೆಲ್ಲ ಬೈದು ಬೈದು ಸುಸ್ತಾದ ಮನುಷ್ಯನಿಗೆ ಯಾರಾದರೂ ಒಬ್ಬರು ಬೈದರೆ ಎಷ್ಟು ಹಿತವಾಗುತ್ತದೆ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಮನೆಯಲ್ಲೂ ಗುಡುಗಪ್ಪನ ಬಾಯಿಗೆ ವಿರಾಮವಿರಲಿಲ್ಲ. ಊಟಕ್ಕೆ ಕೂತರೆ ಗಾಳಿ ಯಾವ ಕಡೆಯದು, ಯಾರು ಯಾವ ಮೀನು ಕಳೆದುಕೊಂಡ, ಏಕೆ ಕಳೆದುಕೊಂಡ, ತನ್ನ ಮಾತು ಕೇಳಿದ್ದರೆ ಏನಾಗುತ್ತಿತ್ತು, ಎಲ್ಲ ಬರುತ್ತಿತ್ತು. ಹೆಂಡತಿ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಮದುವೆಯಾದ ಹೊಸತರಲ್ಲಿ "ಇವತ್ತು ಕೌಂಟರಿನಲ್ಲಿ ಏನಾಯ್ತು ಗೊತ್ತಾ?" ಎಂದು ಅವಳೂ ಶುರುಮಾಡುತ್ತಿದ್ದಳು. ಎರಡನೇ ವಾಕ್ಯಕ್ಕೆ ಅವನ ಅಂಜಲ್ ಅಡ್ಡ ಬರುತ್ತಿತ್ತು. ಕ್ರಮೇಣ ಅವಳು ಮೊದಲನೇ ವಾಕ್ಯವನ್ನೂ ಬಿಟ್ಟಳು.

ಅಂಥವನ ಗಂಟಲು ಒಂದು ದಿನ ಕೈಕೊಟ್ಟಿತು. "ಎತ್ತು" ಎಂದರೆ ಗಾಳಿ ಬಂತು, "ಸುತ್ತು" ಎಂದರೆ ಅದೂ ಬರಲಿಲ್ಲ. ಗಂಟಲಿನ ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿ, "ಕೂಗಿ ಕೂಗಿ ಧ್ವನಿಪೆಟ್ಟಿಗೆಯಲ್ಲಿ ಗಂಟಾಗಿದೆ. ನಾನು ಹೇಳೋವರೆಗೂ ಒಂದು ಮಾತೂ ಆಡಬಾರದು. ಪಿಸುಮಾತೂ ಬೇಡ. ಗಂಟು ಕರಗಿದ್ರೆ ಸರಿ. ಇಲ್ಲ ಅಂದ್ರೆ ಆಪರೇಶನ್. ಆಮೇಲೆ ಮೊದಲಿನ ಧ್ವನಿ ಬರುತ್ತೆ ಅಂತ ನಾನು ಮಾತು ಕೊಡೋಲ್ಲ" ಎಂದರು.

ಗುಡುಗಪ್ಪನಿಗೆ ನಿಜವಾಗಿಯೂ ಭಯವಾಯಿತು. ದೋಣಿ ಯಾರು ಬೇಕಾದರೂ ಓಡಿಸುತ್ತಾರೆ. ಧ್ವನಿ ಹೋದರೆ ತಾನು ಬರೀ ಡ್ರೈವರ್. ಇದನ್ನು ಯಾರಿಗಾದರೂ ಹೇಳಿ ಹಗುರಾಗೋಣವೆಂದರೆ ಹೇಳುವ ಹಾಗೂ ಇರಲಿಲ್ಲ. ಬರೆದು ತೋರಿಸಿದ, ಅವನ ಅಕ್ಷರ ಅವನಿಗೇ ಅರ್ಥವಾಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಮನೆಯಲ್ಲಿ ಕೂತ.

ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ನಲ್ಲಿ ತೊಟ್ಟಿಕ್ಕುತ್ತಿದ್ದದ್ದು ಗೊತ್ತಾಯಿತು. ಅದನ್ನು ರಿಪೇರಿ ಮಾಡಿದ. ಆಮೇಲೆ ಕೇಳಲು ಅದೂ ಇರಲಿಲ್ಲ. ಆ ಮೌನ ತಡೆಯಲಾರದೆ ಹೆಂಡತಿಯೇ ಒಂದು ಸಂಜೆ ಕಾಯಿಪಲ್ಯ ಹೆಚ್ಚುತ್ತಾ ಮಾತು ತೆಗೆದಳು. "ದಿನಾ ಒಬ್ಬರು ಅಜ್ಜ ಬರ್ತಾರೆ ರೀ, ಛತ್ರಿ ಕಳೆದಿದೆ ಅಂತ. ಇರೋಬರೋ ಛತ್ರಿನೆಲ್ಲ ಮುಂದೆ ಹಾಕ್ತೀನಿ. ಒಂದೊಂದನ್ನೂ ಬಿಚ್ಚಿ, ತಲೆ ಮೇಲೆ ಹಿಡಿದು, ಇದಲ್ಲ ತಾಯಿ ಅಂತಾರೆ. ಮತ್ತೆ ಮಾರನೇ ದಿನ ಹಾಜರ್!" ಅವಳು ಅಭ್ಯಾಸಬಲದಿಂದ ಅಲ್ಲಿಗೆ ನಿಲ್ಲಿಸಿದಳು. ಅಂಜಲ್ ಅಡ್ಡ ಬರಲಿಲ್ಲ. ತಲೆಯೆತ್ತಿ ನೋಡಿದರೆ ಗಂಡ ಕಣ್ಣರಳಿಸಿ ಕೂತಿದ್ದ. ಬೇರೆ ದಾರಿ ಇಲ್ಲದೆ ಕೇಳುತ್ತಿದ್ದಾನೆ ಎಂದುಕೊಂಡೇ ಅವಳು ಮುಂದುವರಿಸಿದಳು. ಅಂದಿನಿಂದ ಸಂಜೆಗೊಂದು ಕಂತು ಅಜ್ಜನ ಕಥೆ ನಡೆಯಿತು.

ಅಷ್ಟರಲ್ಲಿ ಹೆಡ್‌ಮಾಸ್ಟರ ರಜೆ ಬಂತು. ಜೊತೆಗೆ ಇಬ್ಬರು ಮೇಷ್ಟ್ರುಗಳನ್ನೂ ಕರೆತರುತ್ತಿದ್ದರು. ಬರಬೇಡಿ ಎನ್ನಲು ಗುಡುಗಪ್ಪನಿಗೆ ಮನಸ್ಸಿಲ್ಲ. ಬಂದರೆ ಬೈಯುವವರು ಯಾರು? ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು ಭಾಮೈದ. ಅವನ ಬಾಯಿಂದ ಮಾತು ಬರಬೇಕಾದರೆ ಅರ್ಜಿ ಹಾಕಬೇಕು. ಸನ್ನೆಯಲ್ಲಿ ಕೇಳಿದ್ದಕ್ಕೆ, "ನನ್ ಕೈಲಾಗಲ್ಲ ಭಾವ. ಅಕ್ಕನ್ನ ಕೇಳಿ" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಹೀಗೆ ಕೌಂಟರಿನ ಅಮ್ಮ ಒಂದು ದಿನ ರಜೆ ಹಾಕಿ ದೋಣಿ ಹತ್ತಿದಳು. ಕಲ್ಲುದಿಣ್ಣೆಯ ಮೇಲೆ ಇಂಜಿನ್ ನಿಂತಿತು, ಜಿಗ್‌ಗಳು ನೀರಿಗಿಳಿದವು. ಹೆಡ್‌ಮಾಸ್ಟರು ಅಭ್ಯಾಸದಂತೆ ತಪ್ಪು ತಪ್ಪಾಗಿ ಜಗ್ಗತೊಡಗಿದರು. ಚುಕ್ಕಾಣಿಯ ಬಳಿ ಗುಡುಗಪ್ಪ ಕುಣಿಯುತ್ತಿದ್ದ. ಕೈಯಲ್ಲಿ ಗುಡಿಸುವ ಅಭಿನಯ, ಹಣೆ ಚಚ್ಚಿಕೊಳ್ಳುವ ಅಭಿನಯ, ಕೊನೆಗೊಂದು ಕತ್ತೆಯ ಕಿವಿ. ಹೆಂಡತಿ ಅದನ್ನೆಲ್ಲ ನೋಡಿ ಗಿರಾಕಿಗಳ ಕಡೆ ತಿರುಗಿ, "ಸ್ವಲ್ಪ ಮೇಲೆತ್ತಬೇಕಂತೆ ಸಾರ್. ನಿಮಗೆ ಸುಸ್ತಾಗಿದ್ರೆ ಆಮೇಲೆ ಎತ್ತಿದ್ರೂ ನಡೆಯುತ್ತೆ" ಎಂದಳು.

ಕತ್ತೆಯ ಕಿವಿ ಇಷ್ಟು ಮೃದುವಾಗಿ ಅನುವಾದವಾದದ್ದು ಕಂಡು ಗುಡುಗಪ್ಪ ತಲೆಯ ಮೇಲೆ ಕೈಹೊತ್ತ. ಹೆಡ್‌ಮಾಸ್ಟರೂ ಸಪ್ಪೆಯಾದರು. ಮೊದಲ ಅಂಜಲ್ ಕಚ್ಚಿತು. "ಸಾರ್, ಬೇಜಾರು ಮಾಡ್ಕೋಬೇಡಿ, ಕೈ ಸ್ವಲ್ಪ…" ಎನ್ನುವಷ್ಟರಲ್ಲಿ ಟಪ್ಪೆಂದು ದಾರ ಹರಿಯಿತು. ಎರಡನೆಯದೂ "ದಯವಿಟ್ಟು" ಎಂಬಲ್ಲಿಗೆ ಹೋಯಿತು.

ಮೂರನೆಯದು ಕಚ್ಚಿದಾಗ ರಾಡು ಬಿಲ್ಲಿನ ಹಾಗೆ ಬಾಗಿತು. ಹೆಡ್‌ಮಾಸ್ಟರು ಗಾಬರಿಯಿಂದ ಮತ್ತೆ ರೀಲು ಅದುಮಿದರು. ಅವಳು ಗಂಡನ ಕಡೆ ನೋಡಲೇ ಇಲ್ಲ.

"ಬಿಡೋ!"

ದೋಣಿಯೇ ಬೆಚ್ಚಿತು. ಭಾಮೈದನ ಕೈಯಿಂದ ಸ್ಪ್ಯಾನರ್ ಬಿತ್ತು. "ಬಿಡೋ ಅಂದ್ರೆ ಬಿಡೋ! ಓಡ್ಲಿ ಅದು, ನಿನ್ನ ಗಂಟೇನು ಹೋಗುತ್ತೆ? ಹಾಂ, ಈಗ ಎತ್ತು! ಸುತ್ತು! ಪೊರಕೆ ಹಿಡಿದ ಹಾಗೆ ಹಿಡೀಬೇಡ, ಎತ್ತು!" ಇಷ್ಟು ವರ್ಷ ಊಟದ ಜೊತೆ ಕಿವಿಗೆ ಬಿದ್ದದ್ದೆಲ್ಲ ಒಂದಕ್ಷರ ಬಿಡದೆ ಹೊರಗೆ ಬಂತು. ಕೊಕ್ಕೆ ಹಾಕಿ ಎಳೆದಾಗ, ಉದ್ದನೆಯ ಅಂಜಲ್ ಹಲಗೆಯ ಮೇಲೆ ಬಿದ್ದು ಪಟಪಟ ಬಡಿಯಿತು. ಆಗ ಅವಳಿಗೆ ಪ್ರಜ್ಞೆ ಬಂತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, "ಅಯ್ಯೋ, ತಪ್ಪಾಯ್ತು ಸಾರ್" ಎಂದಳು.

"ಅಮ್ಮಾ," ಹೆಡ್‌ಮಾಸ್ಟರು ಬೆವರು ಒರೆಸಿಕೊಂಡು ಹೇಳಿದರು, "ಈಗ ಮೀನು ಹಿಡಿದ ಹಾಗಾಯ್ತು ನೋಡಿ. ಹೀಗೇ ಮುಂದುವರಿಸಿ."

ಎಲ್ಲರೂ ನಕ್ಕರು. ಗುಡುಗಪ್ಪನೂ ಸದ್ದಿಲ್ಲದೆ ನಕ್ಕ. ಆದರೆ ಚುಕ್ಕಾಣಿ ತಿರುಗಿಸುವಾಗ ಅವನಿಗೆ ಒಂದು ವಿಷಯ ಹೊಳೆಯಿತು. ತನ್ನದೊಂದು ಮಾತನ್ನೂ ಇವಳು ಕೆಳಗೆ ಬೀಳಿಸಿಲ್ಲ. ಇವಳು ಆಡಿದ್ದರಲ್ಲಿ ತನಗೆ ನೆನಪಿರುವುದು ಏನು? ಎಷ್ಟು ಹುಡುಕಿದರೂ ಛತ್ರಿಯ ಅಜ್ಜನೊಬ್ಬನೇ ಸಿಕ್ಕಿದ. ಅವನಿಗೆ ನಾಚಿಕೆಯಾಯಿತು.

ತಪಾಸಣೆಯ ದಿನ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಅವನ ಭಯ ಮರೆಸಲೆಂದು ಅವಳು ಕಥೆ ತೆಗೆದಳು. "ನಿನ್ನೆ ಒಂದು ಛತ್ರಿ ಬಂತು ರೀ. ಅಜ್ಜ ಹೇಳಿದ ಗುರುತೆಲ್ಲ ಅದರಲ್ಲಿತ್ತು. ಮರದ ಹಿಡಿ, ಒಂದು ಕಡ್ಡಿಗೆ ತಂತಿ ಸುತ್ತಿದೆ. ಅಜ್ಜ ಬಂದ್ರು. ಬಿಚ್ಚಿದ್ರು, ತಿರುಗಿಸಿ ತಿರುಗಿಸಿ ನೋಡಿದ್ರು…" ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಡಾಕ್ಟರಮ್ಮ ಕೊಳವೆ ಇಳಿಸಿ ಬಹಳ ಹೊತ್ತು ನೋಡಿದರು. "ಗಂಟು ಕರಗಿದೆ. ಆಪರೇಶನ್ ಬೇಡ. ಇನ್ನು ಮಾತಾಡಬಹುದು. ಆದರೆ ಕೂಗೋದು ಮಾತ್ರ ಈ ಜನ್ಮದಲ್ಲಿ ಮುಗೀತು ಅಂದ್ಕೊಳ್ಳಿ. ಎಲ್ಲಿ, ಏನಾದ್ರೂ ಒಂದು ಮಾತಾಡಿ, ಕೇಳೋಣ."

ಹೆಂಡತಿಯ ಮುಖ ಅರಳಿತು. ಮರುಗಳಿಗೆಯೇ ಅವಳು ಸೆರಗು ಸರಿಮಾಡಿಕೊಂಡು, ತುಟಿ ಮುಚ್ಚಿ, ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತಳು. ಯಜಮಾನರ ಸರದಿ ಬಂತಲ್ಲ. ಅವಳು ಹಾಗೆ ಹಿಂದೆ ಸರಿದದ್ದನ್ನು ಗುಡುಗಪ್ಪ ನೋಡಿದ. ಗಂಟಲು ಸರಿಮಾಡಿಕೊಂಡ.

"ಆಮೇಲೆ?" ಎಂದ. ಧ್ವನಿ ತೆಳ್ಳಗಿತ್ತು, ಯಾರದೋ ಅನ್ನಿಸುವಂತಿತ್ತು.

"ಆಮೇಲೆ ಏನಿಲ್ಲ, ಬಿಸಿನೀರು ಕುಡೀರಿ, ಆರು ತಿಂಗಳು ಬಿಟ್ಟು ಬನ್ನಿ" ಎಂದರು ಡಾಕ್ಟರಮ್ಮ.

"ನಿಮ್ಮನ್ನಲ್ಲ ಡಾಕ್ಟ್ರೇ." ಅವನು ಹೆಂಡತಿಯ ಕಡೆ ತಿರುಗಿದ. "ಛತ್ರಿ ನೋಡಿದ್ರಲ್ಲ, ಆಮೇಲೆ ಅಜ್ಜ ಏನಂದ್ರು?"

ಇಷ್ಟು ಕಾಲದ ಸಂಸಾರದಲ್ಲಿ ಅವನು ಅವಳನ್ನು ‘ಆಮೇಲೆ’ ಎಂದು ಕೇಳಿದ್ದು ಇದೇ ಮೊದಲು. ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಛತ್ರಿ ನಂದೇ ತಾಯಿ, ಇಷ್ಟು ಹಳೇದು ಅಂತ ಗೊತ್ತಿರ್ಲಿಲ್ಲ, ಆ ಮೂಲೇಲಿರೋ ಹೊಸದು ನಂದಲ್ಲ ಅಂತ ನಿಮಗೆ ಖಾತ್ರಿನಾ? ಅಂದ್ರು" ಎಂದಳು.

"ಯಾವ ಅಜ್ಜ? ಎಂಥ ಛತ್ರಿ?" ಡಾಕ್ಟರಮ್ಮನ ಕುತೂಹಲ ಕೆರಳಿತು.

ಹೊರಗೆ ರೋಗಿಗಳ ಸಾಲಿತ್ತು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕಥೆಯನ್ನು ಮೊದಲಿನಿಂದ ಶುರುಮಾಡಿದಳು. ಗುಡುಗಪ್ಪ ಅದೇ ಕಥೆಯನ್ನು ಬಾಯಿ ಬಿಡದೆ ಇನ್ನೊಂದು ಸಲ ಕೇಳಿದ.