ಭಾನುವಾರದ ಬಡಿತ

ಬುಡಾಪೆಸ್ಟ್‌ನ ಚೀನೀ ಮಾರುಕಟ್ಟೆಯಲ್ಲಿ ಚಪ್ಪಲಿ ಮಾರುತ್ತಿದ್ದ ಗಂಡಹೆಂಡತಿಗೆ ಹಸುಗೂಸನ್ನು ಎತ್ತಿಕೊಳ್ಳಲೂ ಪುರುಸೊತ್ತಿರಲಿಲ್ಲ. ಹಾಗಾಗಿ ಲಿಂಗ್‌ಫೆನ್ ಬೆಳೆದದ್ದು ಬೊರಿ ಎಂಬ ಹಂಗೇರಿಯ ಮುದುಕಿಯ ಮನೆಯಲ್ಲಿ. ಗಸಗಸೆ ಉದುರಿಸಿದ ಶಾವಿಗೆ ತಿಂದು, ಅಜ್ಜಿಯ ಮಾತನ್ನೇ ಕಲಿತಳು. ಯಾವಾಗಲೋ ಒಮ್ಮೆ ಹೆತ್ತವರು ನೋಡಲು ಬಂದರೆ ಅಜ್ಜಿಯ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದಳು.

ಶಾಲೆಗೆ ಸೇರಿಸುವ ವರ್ಷ ಅಪ್ಪ ಅವಳನ್ನು ಮನೆಗೆ ಕರೆತಂದ. "ಇನ್ಮೇಲೆ ಮನೇಲಿ ನಮ್ಮ ಮಾತೇ ಆಡ್ಬೇಕು. ಆ ಅಜ್ಜಿ ಹೆಸರು ಎತ್ಕೂಡ್ದು. ಚೆನ್ನಾಗಿ ಓದು, ಅಷ್ಟೆ" ಎಂದ.

ಭಾನುವಾರ ಅಪ್ಪ ಅಂಗಡಿಗೆ ಹೋದ ಮೇಲೆ ಯಾರೋ ಮೆಲ್ಲಗೆ ಬಾಗಿಲು ಬಡಿಯುತ್ತಿದ್ದರು. ಅಮ್ಮ ಶೂಲಾನ್ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ತುಟಿಯ ಮೇಲೆ ಬೆರಳಿಡುತ್ತಿದ್ದಳು.

"ಯಾರಮ್ಮಾ ಅದು?"

"ಯಾರೂ ಇಲ್ಲ. ಈ ಮನೇಲಿ ಮುಂಚೆ ಒಬ್ಳು ಸತ್ತಿದ್ಳಂತೆ. ತೆಗೆದ್ರೆ ಒಳಗೆ ಬಂದ್ಬಿಡ್ತಾಳೆ. ನೀನು ಲೆಕ್ಕ ಮಾಡು."

ಮಗು ಉಸಿರು ಬಿಗಿಹಿಡಿದು ಲೆಕ್ಕ ಮಾಡುತ್ತಿತ್ತು. ಒಂದು ಚಳಿಗಾಲದಲ್ಲಿ ಬಡಿತ ನಿಂತುಹೋಯಿತು.

ತರಗತಿಗೆಲ್ಲ ಮೊದಲಿಗಳಾದ ಲಿಂಗ್‌ಫೆನ್ ಮುಂದೆ ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಳು. "ಕಣ್ಮುಚ್ಕೊಂಡು ಕೇಳಿದ್ರೆ ನೀವು ನಮ್ಮೂರೋರೇ ಬಿಡಿ" ಎಂದು ಗಿರಾಕಿಗಳು ಹೊಗಳುತ್ತಿದ್ದರು. ಆದರೆ ಅವಳ ಮನೆಯ ಕರೆಗಂಟೆ ಒತ್ತಿದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಚಿಲಕದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಗೆಳತಿಯರು ಬರುವುದನ್ನೇ ಬಿಟ್ಟರು.

ಅಪ್ಪ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಅಮ್ಮ ಕಡುಬು ಮಡಿಸುತ್ತಾ ತಲೆ ಎತ್ತದೆ ಹೇಳಿದಳು: "ಅದು ದೆವ್ವ ಅಲ್ಲ ಕಣೇ."

"ಯಾವ್ದು?"

"ಭಾನ್ವಾರ ಬರ್ತಿದ್ದಿದ್ದು. ನಿನ್ ಬೊರಿ ಅಜ್ಜಿ ಅದು. ನಿಮ್ಮಪ್ಪಂಗೂ ಹೇಳಿರ್ಲಿಲ್ಲ."

ಲಿಂಗ್‌ಫೆನ್‌ಳ ಕೈಯಲ್ಲಿದ್ದ ಹಿಟ್ಟಿನ ಹಾಳೆ ಹರಿಯಿತು. "ಯಾಕಮ್ಮಾ? ಒಂದ್ಸಲನಾದ್ರೂ..."

"ನೀನು ನನ್ನ ಆಂಟಿ ಅಂತ ಕರೀತಿದ್ದೆ. ಬಾಗ್ಲು ತೆಗೆದಿದ್ರೆ ಅವಳ ಹಿಂದೆನೇ ಓಡ್ಹೋಗ್ತಿದ್ದೆ."

ಲಿಂಗ್‌ಫೆನ್ ಅಜ್ಜಿಯ ಹಳೆಯ ಬೀದಿಗೆ ಹೋಗಿ ವಿಚಾರಿಸಿದರೆ, ಬೊರಿ ಸತ್ತು ಎಷ್ಟೋ ವರ್ಷವಾಗಿತ್ತು. "ಕೊನೆಗಾಲದಲ್ಲಿ ಯಾವ್ದೋ ಮಗೂನ ಕೂಗ್ತಿದ್ರು. ಮಕ್ಳಿಲ್ಲದೋರು, ಯಾರನ್ನ ಅಂತ ನಮಗೆ ಗೊತ್ತಾಗ್ಲಿಲ್ಲ" ಎಂದಳು ನೆರೆಯವಳು.

ಸ್ಮಶಾನಕ್ಕೆ ತಾನೂ ಬರುತ್ತೇನೆಂದು ಅಮ್ಮ ಹಟ ಹಿಡಿದಳು. ಸಮಾಧಿಯ ಮುಂದೆ ನಿಂತು, "ನಂಗೆ ಅವಳ ಭಾಷೆ ಬರಲ್ಲ. ತಪ್ಪಾಯ್ತು ಅಂತ ನೀನೇ ಹೇಳು" ಎಂದಳು.

ಶಾಲೆಗೆ ಸೇರಿದಾಗಿನಿಂದ ಕಚೇರಿ, ಆಸ್ಪತ್ರೆ ಎಂದು ಎಲ್ಲೆಡೆ ಅಮ್ಮನ ಬಾಯಾಗಿದ್ದವಳು ಮೊದಲ ಸಲ ಆಗದೆಂದು ತಲೆಯಾಡಿಸಿದಳು. "ಇದನ್ನ ನಾನು ಹೇಳಲ್ಲಮ್ಮ."

ಶೂಲಾನ್ ಮಂಡಿಯೂರಿ, ಕಲ್ಲಿನ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಮಗಳು ಅವಳನ್ನು ತಡೆಯಲೂ ಇಲ್ಲ, ಕೈಜೋಡಿಸಲೂ ಇಲ್ಲ.